ಬೊಂಬಾಯಿ ಚೈನಿನ ಅಳತೆ

ಗಂಡನ ಮುಖ ನನಗೆ ಚೆನ್ನಾಗಿ ನೆನಪಿದೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಗೋಡೆಯಲ್ಲಿ ಪಟ ಇತ್ತು, ದಿನಾ ನೋಡುತ್ತಿದ್ದೆ. ಆದರೆ ಆ ಪಟದಲ್ಲಿ ಅವರ ಕೈಗಳು ಶಾಲಿನ ಒಳಗಿದ್ದವು. ಅವರ ಕೈ ಹೇಗಿತ್ತು ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ. ಧಾರೆಯ ಹೊತ್ತಿನಲ್ಲಿ ಆ ಕೈಯನ್ನು ಹಿಡಿದದ್ದು ಹೌದು. ಹದಿನಾರರ ಹುಡುಗಿ, ಹೊಗೆಗೆ ಕಣ್ಣು ಉರಿಯುತ್ತಿದೆ, ತಲೆ ತಗ್ಗಿಸಿ ಕೂತಿದ್ದಾಳೆ. ಅವಳು ಕೈ ನೋಡುತ್ತಾಳೆಯೇ?

ಮದುವೆಯಾದದ್ದು ಮಳೆಗಾಲಕ್ಕೆ ಸ್ವಲ್ಪ ಮೊದಲು. ಅವರಿಗೆ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವ ಕೆಲಸ. ರಜೆ ಹಾಕಿ ಬಂದಿದ್ದರು. ಹಗಲು ಅವರು ಚಾವಡಿಯಲ್ಲಿ, ನಾನು ಅಡುಗೆಮನೆಯಲ್ಲಿ. ರಜೆ ಮುಗಿಯಲು ಇನ್ನೂ ಕೆಲವು ದಿನ ಇರುವಾಗಲೇ ಆಟಿ ತಿಂಗಳು ಬಂತು. ಹೊಸ ಮದುಮಗಳು ಆಟಿಯಲ್ಲಿ ಗಂಡನ ಮನೆಯಲ್ಲಿ ನಿಲ್ಲಬಾರದು, ತವರಿಗೆ ಹೋಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಬೆಳ್ಳೂರಿನಿಂದ ಅಪ್ಪ ಬಂದು ಕರೆದುಕೊಂಡು ಹೋದರು. ಆಟಿ ಕಳೆದು ನಾನು ಕುಂಜತ್ತೂರಿಗೆ ತಿರುಗಿ ಬರುವಾಗ ಅವರು ಬೊಂಬಾಯಿಗೆ ಹೊರಟುಹೋಗಿದ್ದರು. ಎರಡನೆಯ ವರ್ಷ ವಿಷಮಜ್ವರದಲ್ಲಿ ಅಲ್ಲಿಯೇ ತೀರಿಕೊಂಡರು. ಕೈಯಲ್ಲಿದ್ದ ಆ ಕೆಲವು ದಿನಗಳನ್ನು ಆಟಿಗೆ ಬಿಟ್ಟುಕೊಟ್ಟೆವಲ್ಲ, ಅದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಆ ಪದ್ಧತಿ ಮಾಡಿದವರು ಎದುರಿಗೆ ಸಿಕ್ಕಿದರೆ ಎರಡು ಮಾತು ಕೇಳದೆ ಬಿಡುವವಳಲ್ಲ ನಾನು.

ನನ್ನ ತಲೆ ಬೋಳಿಸಲು ಅಪ್ಪ ಒಪ್ಪಲಿಲ್ಲ. ಮಂಗಳೂರಿಗೆ ಕಳಿಸಿ ಟೀಚರ್ ಟ್ರೈನಿಂಗ್ ಮಾಡಿಸಿದರು. ಕೆಲಸ ಸಿಕ್ಕಿದ್ದು ಕುಂಜತ್ತೂರಿನ ಎಲಿಮೆಂಟರಿ ಶಾಲೆಯಲ್ಲಿ, ಗಂಡನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಹಾಗಾಗಿ ಅತ್ತೆ ಮತ್ತು ನಾನು ಒಂದೇ ಮನೆಯಲ್ಲಿ ಉಳಿದೆವು. ಅತ್ತೆಯೂ ಗಂಡನನ್ನು ಕಳೆದುಕೊಂಡವರು. ಬೋಳು ತಲೆ, ಕೆಂಪು ಸೀರೆ, ಬೆಳಗಿನಿಂದ ಊಟದವರೆಗೆ ಮಡಿ. ನಾನು ಊರಿನ ಎಲ್ಲ ಜಾತಿಯ ಮಕ್ಕಳ ನಡುವೆ ಕೂತು ಬರುವವಳು. ಬಾವಿಕಟ್ಟೆಯಲ್ಲಿ ಮಿಂದೇ ಒಳಗೆ ಬರುತ್ತಿದ್ದೆ. ಮಿಂದ ಮೇಲೂ ಅವರು ನನ್ನನ್ನು ಮುಟ್ಟುತ್ತಿರಲಿಲ್ಲ. ಏನಾದರೂ ಕೊಡುವುದಿದ್ದರೆ ನೆಲದ ಮೇಲೆ ಇಡುತ್ತಿದ್ದರು, ನಾನು ಎತ್ತಿಕೊಳ್ಳುತ್ತಿದ್ದೆ. ಜಗಳ ಇರಲಿಲ್ಲ. ಜಗಳಕ್ಕೆ ಮಾತಾದರೂ ಬೇಕಲ್ಲ. ದಿನಗಟ್ಟಲೆ ನಮ್ಮೊಳಗೆ ‘ಅನ್ನ ಆಯ್ತು’, ‘ದನಕ್ಕೆ ಹುಲ್ಲು ಹಾಕಿದ್ದೀಯಾ’ ಎಂಬಷ್ಟೇ ಮಾತು. ನನ್ನ ಗಂಡನ ಹೆಸರನ್ನು ಅತ್ತೆ ಎತ್ತುತ್ತಿರಲಿಲ್ಲ, ನಾನು ಎತ್ತುವ ಹಾಗೆ ಇರಲಿಲ್ಲ. ಮಗ ಅತ್ತೆಯವನು. ಪಟ ಅತ್ತೆಯದು, ಪಂಚೆಗಳು ಅತ್ತೆಯ ಪೆಟ್ಟಿಗೆಯಲ್ಲಿ. ನನಗೂ ಅವರದ್ದೆನ್ನುವುದು ಒಂದಾದರೂ ಬೇಕಿತ್ತು. ಏನೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಬೊಂಬಾಯಿಯಿಂದ ಒಂದು ತಗಡಿನ ಪೆಟ್ಟಿಗೆ ಬಂದಿತ್ತು. ಅದೇ ಹೋಟೆಲಿನಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯವರೊಬ್ಬರು ತಂದುಕೊಟ್ಟು, ಅಂಗಳದಲ್ಲಿಯೇ ನಿಂತು ಅತ್ತೆಗೆ ಹೇಳಿದರು: “ಒಳ್ಳೆ ಗುಂಡುಗುಂಡಾಗಿ ಇದ್ರು ಅಮ್ಮ. ಎಂತದೂ ಕೊರತೆ ಇರ್ಲಿಲ್ಲ. ದೇವರು ಕರೆದ, ಅಷ್ಟೇ.” ಅತ್ತೆ ಆ ಮಾತನ್ನು ಗಂಟು ಕಟ್ಟಿ ಇಟ್ಟುಕೊಂಡರು. ಪೆಟ್ಟಿಗೆಯಲ್ಲಿ ಬಟ್ಟೆಗಳ ಅಡಿ, ಕಾಗದದಲ್ಲಿ ಸುತ್ತಿದ ಒಂದು ಕೈಗಡಿಯಾರ ಇತ್ತು. ಅದಕ್ಕೆ ಹೊಳೆಯುವ ಸ್ಟೀಲಿನ ಚೈನು, ಕೊಂಡಿಗೆ ಕೊಂಡಿ ಸೇರಿಸಿದ್ದು. ಅದೇ ಕಾಗದದಲ್ಲಿ ಗಡಿಯಾರಕ್ಕೆ ಹಾಕುವ ಒಂದು ಹಳೆಯ ಚರ್ಮದ ಬೆಲ್ಟೂ ಇತ್ತು. ಅತ್ತೆ ಬೆಲ್ಟನ್ನು ಕೋಲಿನ ತುದಿಯಿಂದ ಎತ್ತಿ ಅಂಗಳದಾಚೆ ದನದ ಹಟ್ಟಿಯ ಕಡೆಗೆ ಎಸೆದರು. ಗಡಿಯಾರವನ್ನು ಚೈನಿನ ಸಮೇತ ಸೆರಗಿನಲ್ಲಿ ಒರಸಿ ತಮ್ಮ ಪೆಟ್ಟಿಗೆಯಲ್ಲಿಟ್ಟರು. ಬೆಲ್ಟನ್ನು ನಾನೇ ಹೆಕ್ಕಿ ಹಟ್ಟಿಯ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟೆ. ಯಾಕೆಂದು ಆಗ ಕೇಳಿದ್ದರೆ, ಒಳ್ಳೆಯ ಚರ್ಮ, ಹಾಳು ಮಾಡುವುದೇಕೆ ಎಂದು ಹೇಳುತ್ತಿದ್ದೆನೋ ಏನೋ.

ಗಡಿಯಾರ ಬೇಕಾದದ್ದು ಶಾಲೆಗೆ. ಶಾಲೆಯ ಟೈಂಪೀಸು ಹಾಳಾಗಿ ವರ್ಷವಾಗಿತ್ತು. ಹೆಡ್‌ಮಾಸ್ಟ್ರು ದೂರದಿಂದ ಬರುವವರು. ಹತ್ತಿರದವಳೆಂದು ಬೆಳಗ್ಗಿನ ಗಂಟೆ ಹೊಡೆಯುವ ಕೆಲಸ ನನಗೆ. ಬೇಸಿಗೆಯಲ್ಲಿ ಜಗಲಿಯ ನೆರಳು ನೋಡಿ ಹೊಡೆಯುತ್ತಿದ್ದೆ. ಮಳೆಗಾಲದಲ್ಲಿ ನೆರಳೆಲ್ಲಿಂದ ಬರಬೇಕು? ಮಂಗಳೂರಿನಿಂದ ಬರುವ ಬೆಳಗ್ಗಿನ ರೈಲುಗಾಡಿ ಶಾಲೆಯ ಹಿಂದಿನಿಂದ ಹೋದಾಗ ಗಂಟೆ. ಗಾಡಿ ತಡವಾದರೆ ಶಾಲೆಯೂ ತಡ. ಒಂದು ದಿನ ಇನ್ಸ್‌ಪೆಕ್ಟರು ಬಂದು ಜಗಲಿಯಲ್ಲಿ ಕೂತೇ ಇದ್ದರು, ಮಕ್ಕಳು ಅಂಗಳದಲ್ಲಿ ಕುಣಿಯುತ್ತಲೇ ಇದ್ದರು, ಗಾಡಿ ಬರಲಿಲ್ಲ. “ಟೀಚರೇ, ಇಲ್ಲಿ ಶಾಲೆ ನಡೆಸುವುದು ನೀವಾ, ಎಂಜಿನ್ ಡ್ರೈವರಾ?” ಎಂದು ಕೇಳಿದರು. ಹೆಡ್‌ಮಾಸ್ಟ್ರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಆ ಸಂಜೆ ಅತ್ತೆಯ ಹತ್ತಿರ ಗಡಿಯಾರ ಕೇಳಿದೆ. ಅವರು ಬತ್ತಿ ಹೊಸೆಯುತ್ತಿದ್ದರು. ಕೈಯಲ್ಲಿದ್ದ ಬತ್ತಿ ಮುಗಿಸಿ, “ಗಡಿಯಾರ ತೆಕ್ಕೊ. ಚೈನು ಬೇಡ,” ಎಂದರು.

“ಚೈನಿಲ್ಲದೆ ಕಟ್ಟುವುದು ಹೇಗೆ ಅತ್ತೆ?”

“ಕೈಗೆ ಸುತ್ತು ಬರುವ ಲೋಹ ಅಂದ್ರೆ ಬಳೆಯೇ. ನಿನ್ನ ಕೈಗೆ ಅದು ಆಗುದಿಲ್ಲ.”

“ಹಾಗಾದ್ರೆ ಬೆಲ್ಟು ಹಾಕ್ತೇನೆ.”

“ಚರ್ಮ ಮನೆಯೊಳಗೆ ಬರ್ಬಾರ್ದು.”

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು ನನ್ನದು. ಲೋಹವಾದರೆ ವಿಧವೆಗೆ ಬಳೆ, ಚರ್ಮವಾದರೆ ಮನೆಗೆ ಮೈಲಿಗೆ. ಹೊತ್ತು ನೋಡಲಿಕ್ಕೆ ಈ ಲೋಕದಲ್ಲಿ ನನಗೆಂದು ಮೂರನೆಯ ವಸ್ತುವನ್ನು ಯಾರೂ ಮಾಡಿರಲಿಲ್ಲ. ಕೊನೆಗೆ ಅತ್ತೆಯ ಎದುರಿನಲ್ಲಿಯೇ ಚೈನನ್ನು ಗಡಿಯಾರದಿಂದ ಬಿಡಿಸಿ ನೆಲದ ಮೇಲಿಟ್ಟೆ. ಅವರು ಅದನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟರು. ಹಟ್ಟಿಯ ಮಾಡಿನಿಂದ ಬೆಲ್ಟನ್ನು ತೆಗೆದು ಎಣ್ಣೆ ಹಚ್ಚಿ ಗಡಿಯಾರಕ್ಕೆ ಹಾಕಿದೆ. ಅದು ಹಟ್ಟಿಯಲ್ಲಿ ನನ್ನ ಚಪ್ಪಲಿಯ ಮೇಲಿನ ಮೊಳೆಗೆ ನೇತಾಡಿತು. ಬೆಳಿಗ್ಗೆ ಚಪ್ಪಲಿ ಮೆಟ್ಟುವುದು, ಗಡಿಯಾರ ಕಟ್ಟುವುದು. ಸಂಜೆ ಎರಡನ್ನೂ ಬಿಚ್ಚುವುದು. ಅದಕ್ಕೆ ಕೀ ಕೊಡುವಾಗ ದನ ನನ್ನ ಮುಖವನ್ನೇ ನೋಡುತ್ತಿತ್ತು. ಆ ಮನೆಯಲ್ಲಿ ನಾನು ಏನು ಮಾಡುತ್ತೇನೆಂದು ಕುತೂಹಲದಿಂದ ನೋಡುತ್ತಿದ್ದದ್ದು ಅದೊಂದೇ.

ಎರಡು ಮಳೆಗಾಲ ಬೆಲ್ಟು ತಡೆಯಿತು. ಮೂರನೆಯದರಲ್ಲಿ ಬೂಸುರು ಹಿಡಿದು, ನಾನು ಕಟ್ಟುತ್ತಿದ್ದ ತೂತಿನಲ್ಲಿಯೇ ಹರಿದು ಎರಡಾಯಿತು. ಈ ಸಲ ಅತ್ತೆಯ ಹತ್ತಿರ ವಾದಕ್ಕೆ ಹೋಗಲಿಲ್ಲ. ತಿಥಿ ಹೇಳಲು ಬಂದ ಭಟ್ರ ಹತ್ತಿರ ಅತ್ತೆಗೆ ಕೇಳುವ ಹಾಗೆ ಕೇಳಿದೆ. ಭಟ್ರು ಕಣ್ಣು ಮುಚ್ಚಿಕೊಂಡು ಹೇಳಿದರು: “ಚಿನ್ನ ಆಗ್ಬಾರ್ದು, ಬೆಳ್ಳಿ ಆಗ್ಬಾರ್ದು, ಗಾಜು ಆಗ್ಬಾರ್ದು. ಸ್ಟೀಲಿನ ವಿಷಯ ಶಾಸ್ತ್ರದಲ್ಲಿ ಎಲ್ಲಿಯೂ ಬರುದಿಲ್ಲ.”

“ಬರುದಿಲ್ಲ ಅಂದ್ರೆ ಹಾಕ್ಬಹುದಾ, ಹಾಕ್ಬಾರ್ದಾ?” ಎಂದು ಅತ್ತೆ ಒಳಗಿನಿಂದ ಕೇಳಿದರು.

“ಬೇಡ ಅಂತ ಬರೆದದ್ದು ಎಲ್ಲಿಯೂ ಇಲ್ಲ,” ಎಂದರು ಭಟ್ರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮರುದಿನ ನಾನು ಶಾಲೆಗೆ ಹೊರಡುವಾಗ ಚೈನು ಚಾವಡಿಯ ಅಂಚಿನ ದಳಿಯ ಮೇಲೆ ಇತ್ತು. ಅತ್ತೆ ಬೆನ್ನು ಹಾಕಿ ಕೂತಿದ್ದರು. ಅವರಿಗೆ ಇಷ್ಟವಿಲ್ಲ, ಶಾಸ್ತ್ರ ಕೈಬಿಟ್ಟಿದ್ದರಿಂದ ಕೊಟ್ಟರು ಎಂದುಕೊಂಡೆ. ಗಡಿಯಾರಕ್ಕೆ ಸೇರಿಸಿ ಕೈಗೆ ಹಾಕಿದೆ. ಅದು ಮೊಣಕೈವರೆಗೆ ಜಾರಿತು. ಕೈ ಕೆಳಗೆ ಬಿಟ್ಟರೆ ಬೆರಳಿನ ಬುಡಕ್ಕೆ ಬಂದು ನಿಲ್ಲುತ್ತಿತ್ತು. ಬೋರ್ಡಿನ ಮೇಲೆ ಬರೆಯುವಾಗ ಟಿಣಿಟಿಣಿ, ಪುಸ್ತಕ ತಿರುವಿದರೆ ಟಿಣಿಟಿಣಿ. ಮಕ್ಕಳು ನಕ್ಕರು. ಆ ಸಂಜೆ ಅಡುಗೆಮನೆಯಲ್ಲಿ ಅನ್ನ ಬಸಿಯುವಾಗಲೂ ಸದ್ದಾಯಿತು. ಬಳೆಯ ಸದ್ದು ನಿಂತು ಎಷ್ಟೋ ವರ್ಷವಾಗಿದ್ದ ಮನೆ ಅದು. ಅತ್ತೆ ಒಮ್ಮೆ ತಿರುಗಿ ನೋಡಿ ಮುಖ ಗೋಡೆಗೆ ಮಾಡಿದರು. ಚೈನನ್ನು ಕೈಗೆ ಸರಿಯಾಗಿ ಕೂರುವ ಹಾಗೆ ಚಿಕ್ಕದು ಮಾಡಲೇಬೇಕು ಎಂದುಕೊಂಡೆ. ಅಂಗಡಿಗೆ ಕೊಂಡುಹೋಗುವುದೆಂದರೆ ಗಾಡಿ ಹತ್ತಿ ಮಂಗಳೂರಿಗೋ ಕಾಸರಗೋಡಿಗೋ ಹೋಗಬೇಕು, ಗಂಡಸಿನ ಗಡಿಯಾರ ಹಿಡಿದು ನಿಂತ ಹೆಂಗಸನ್ನು ನೋಡಿ ಯಾರ ಗಡಿಯಾರವೆಂದು ಕೇಳುವವರಿಗೆ ಉತ್ತರ ಕೊಡಬೇಕು. ಬೇಡವೇ ಬೇಡ ಎನ್ನಿಸಿತು.

ಆದಿತ್ಯವಾರ ಅತ್ತೆ ದೇವಸ್ಥಾನಕ್ಕೆ ಹೋದರೆ ಮಧ್ಯಾಹ್ನದ ಪೂಜೆ ಮುಗಿಸಿಯೇ ಬರುವವರು. ಅವರು ಕೊಡೆ ಬಿಡಿಸಿ ಹೊರಟ ಮೇಲೆ ನಾನು ಅಟ್ಟದಿಂದ ಚೆನ್ನೆಮಣೆಯನ್ನು ಇಳಿಸಿದೆ. ಎರಡು ಸಾಲು ಗುಳಿ ಇರುವ ಮರದ ಮಣೆ. ಗುಳಿಗಳಲ್ಲಿ ಕಾಯಿ ಹಾಕಿ ಇಬ್ಬರು ಎದುರುಬದುರು ಕೂತು ಆಡುವ ಆಟ. ನಮ್ಮಲ್ಲಿ ಆಟಿ ತಿಂಗಳಲ್ಲಿ ಮಾತ್ರ ಅದನ್ನು ಇಳಿಸುವುದು, ಉಳಿದ ತಿಂಗಳು ಮುಟ್ಟುವುದಿಲ್ಲ. ಆಗ ಆಟಿಯೇ. ಆದರೆ ಆಡಲು ಎರಡನೆಯವರು ಬೇಕಲ್ಲ; ನಾನು ಆ ಮನೆಗೆ ಬಂದ ಮೇಲೆ ಆ ಮಣೆ ಧೂಳು ತಿಂದದ್ದೇ ಹೆಚ್ಚು. ನನಗೆ ಈಗ ಬೇಕಾದದ್ದು ಅದರ ಗುಳಿಗಳು. ಚೈನಿನ ಒಂದೊಂದು ಕೊಂಡಿಯನ್ನೂ ಪಕ್ಕದ ಕೊಂಡಿಗೆ ಸೇರಿಸುವುದು ಒಂದು ತೆಳ್ಳಗಿನ ಕಡ್ಡಿ. ಗುಳಿಯ ಮೇಲೆ ಚೈನನ್ನು ಅಡ್ಡ ನಿಲ್ಲಿಸಿ ಮೇಲಿನಿಂದ ಕಡ್ಡಿಯನ್ನು ಕುಟ್ಟಿದರೆ ಅದು ಕೆಳಗಿನ ಗುಳಿಗೆ ಬಿದ್ದು ಅಲ್ಲಿಯೇ ಉಳಿಯುತ್ತದೆ, ನೆಲದ ಬಿರುಕಿಗೆ ಹೋಗಿ ತಪ್ಪುವುದಿಲ್ಲ.

ಹೊಲಿಗೆಯ ಸೂಜಿ ಇಟ್ಟು ಕತ್ತಿಯ ಬೆನ್ನಿನಿಂದ ಕುಟ್ಟಿದೆ. ಸೂಜಿ ಮುರಿಯಿತು. ಗೋಣಿ ಹೊಲಿಯುವ ದಬ್ಬಣ ದಪ್ಪವಾಯಿತು. ಹಳೆಯ ಕೊಡೆಯ ಕಡ್ಡಿಯೊಂದನ್ನು ಒಗೆಯುವ ಕಲ್ಲಿಗೆ ಉಜ್ಜಿ ಉಜ್ಜಿ ತುದಿ ಸಪೂರ ಮಾಡಿದೆ. ಆಗಲೂ ಕೊಂಡಿಯ ಕಡ್ಡಿ ಹೊರಡಲಿಲ್ಲ. ಬೈಯುತ್ತಾ ಚೈನನ್ನು ಬೆಳಕಿಗೆ ಹಿಡಿದು ನೋಡಿದರೆ, ಕಡ್ಡಿಯ ಒಂದು ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಅಗಲ. ನಾನು ಅಗಲದ ಕಡೆಯಿಂದಲೇ ತಳ್ಳುತ್ತಿದ್ದೆ. ತಿರುಗಿಸಿ ಇಟ್ಟು ಎರಡು ಪೆಟ್ಟು ಹಾಕಿದ್ದೇ ಕಡ್ಡಿ ಗುಳಿಯೊಳಗೆ ಬಿತ್ತು. ಅಷ್ಟು ಸಂತೋಷ ನನಗೆ ಟ್ರೈನಿಂಗ್ ಪಾಸಾದಾಗಲೂ ಆಗಿರಲಿಲ್ಲ. ತೋರಿಸಲು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದೆ. ಮಳೆ ಸುರಿಯುತ್ತಿತ್ತು, ಅಷ್ಟೇ.

ಒಂದೇ ಬದಿಯಿಂದ ತೆಗೆದರೆ ಕೊಕ್ಕೆ ಮಣಿಕಟ್ಟಿನ ಪಕ್ಕಕ್ಕೆ ಹೋಗಿಬಿಡುತ್ತದೆ, ಕೊಕ್ಕೆಯ ಎರಡೂ ಬದಿಯಿಂದ ಸಮನಾಗಿ ತೆಗೆಯಬೇಕು ಎಂದು ತಲೆಗೆ ಹೊಳೆಯಿತು. ಎಷ್ಟು ತೆಗೆಯಬೇಕು ಎಂಬುದಕ್ಕೆ ಅಳತೆ ಬೇಕಿತ್ತು. ಹರಿದ ಬೆಲ್ಟನ್ನು ಹಟ್ಟಿಯಿಂದ ತಂದು, ಹೊರಗಿನ ಜಗಲಿಯಲ್ಲಿ ಎಲ್ಲ ತುಂಡುಗಳನ್ನೂ ಗಡಿಯಾರದ ಜಾಗ ಬಿಟ್ಟು ಉದ್ದಕ್ಕೆ ಇಟ್ಟೆ. ಪಕ್ಕದಲ್ಲಿ ಚೈನನ್ನು ಚಾಚಿದೆ. ನನ್ನ ತೂತು ಎಲ್ಲಿಯೋ ಅಲ್ಲಿಯವರೆಗೆ ನನ್ನ ಕೈ. ಉಳಿದ ಕೊಂಡಿಗಳು ಹೆಚ್ಚಿನವು. ಲೆಕ್ಕ ಸುಲಭವಾಯಿತು. ಎರಡೂ ಬದಿಯಿಂದ ಎರಡೆರಡು ಕೊಂಡಿ ಬಿಡಿಸಿ ಗುಳಿಗಳಿಗೆ ಹಾಕಿದೆ.

ಆಗ ನನ್ನ ತೂತಿನ ಪಕ್ಕದ ತೂತು ಕಣ್ಣಿಗೆ ಬಿತ್ತು. ಎರಡು ವರ್ಷ ದಿನಾ ನೋಡಿದ್ದೆ, ಒಮ್ಮೆಯೂ ಯೋಚಿಸಿರಲಿಲ್ಲ. ಉಳಿದ ತೂತುಗಳು ದುಂಡಗೆ ಇದ್ದವು. ಇದು ಮಾತ್ರ ಎಳೆದು ಎಳೆದು ಉದ್ದವಾಗಿತ್ತು. ಅದರ ಅಡ್ಡಕ್ಕೆ ಚರ್ಮ ಮಡಿಸಿದ ಗೆರೆ ಕಪ್ಪಾಗಿತ್ತು. ಇದು ಅವರ ತೂತು. ವರ್ಷಗಟ್ಟಲೆ ಇಲ್ಲಿಯೇ ಕಟ್ಟಿದ್ದಾರೆ. ಅವರ ಕೈ ನನ್ನ ಕೈಗಿಂತ ಒಂದು ತೂತಿನಷ್ಟು ದೊಡ್ಡದು, ಹೆಚ್ಚಿಲ್ಲ.

ಹಾಗಾದರೆ ಈ ಚೈನು? ಇಷ್ಟುದ್ದದ್ದು ಅವರ ಕೈಯಲ್ಲಿಯೂ ಮೊಣಕೈಗೆ ಜಾರುತ್ತಿತ್ತು. ಚೈನನ್ನು ಮಗುಚಿ ನೋಡಿದೆ. ಕೊಂಡಿಗಳ ಸಂದಿಯಲ್ಲಿ ಬೆವರಿನ ಕೊಳೆ ಎಂಬುದೇ ಇರಲಿಲ್ಲ. ನಾನು ಹೊರಡಿಸಿದ ಕಡ್ಡಿಗಳ ಮೇಲೆ ನನ್ನ ಪೆಟ್ಟಿನ ಗುರುತು ಬಿಟ್ಟರೆ ಬೇರೆ ಗುರುತಿಲ್ಲ. ಇದನ್ನು ಯಾರೂ ಯಾರ ಕೈಗೂ ಸರಿಮಾಡಿರಲಿಲ್ಲ. ಅವರು ಇದನ್ನು ಒಂದು ದಿನವೂ ಕಟ್ಟಿರಲಿಲ್ಲ. ಕೊಂಡು, ಗಡಿಯಾರಕ್ಕೆ ಸೇರಿಸಿ, ಹಳೆಯ ಬೆಲ್ಟನ್ನೂ ಜೊತೆಗಿಟ್ಟು ಕಾಗದ ಸುತ್ತಿದ್ದಾರೆ. ಯಾಕೆಂದು ನನಗೆ ತಿಳಿಯಿತು. ಚರ್ಮದ ಬೆಲ್ಟಾದರೆ ಅಮ್ಮ ಹಟ್ಟಿಯಲ್ಲಿ ಬಿಚ್ಚಿಡು ಎನ್ನುತ್ತಾರೆ. ಸ್ಟೀಲಾದರೆ ಊಟದ ಎಲೆಯ ಎದುರಿಗೂ ಕಟ್ಟಿಕೊಂಡು ಕೂರಬಹುದು. ಊರಿಗೆ ಬರುವುದಕ್ಕೆಂದು ಕೊಂಡ ಚೈನು ಅದು. ಬರುವ ಯೋಚನೆ ಇತ್ತು. ಇಷ್ಟನ್ನು ಯಾರೂ ನನಗೆ ಹೇಳಿರಲಿಲ್ಲ.

ಅಲ್ಲಿಯೇ ಕೂತು ಅತ್ತುಬಿಟ್ಟೆ. ಅವರು ಸತ್ತ ಸುದ್ದಿ ಬಂದಾಗ ಎಲ್ಲರೂ ಅಳು ಎಂದು ಹೇಳಿದ್ದರಿಂದ ಅತ್ತಿದ್ದೆ. ಈಗ ಯಾರೂ ಹೇಳದೆ ಅಳು ಬಂತು. ಸಪೂರದ ಕೈ. ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುವ ಒಂದು ಸಪೂರದ ಕೈ. ಮದುವೆಯಾಗಿ ಇಷ್ಟು ವರ್ಷಕ್ಕೆ ನನಗೆ ಅವರದ್ದೊಂದು ಸಿಕ್ಕಿತ್ತು.

ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಅತ್ತೆ. ತೋಡಿಗೆ ಅಡ್ಡ ಹಾಕಿದ ಮರದ ಸಂಕದ ಮೇಲೆ ನೀರು ಏರಿ, ದಾಟಲಾಗದೆ ಅರ್ಧ ದಾರಿಯಿಂದ ತಿರುಗಿ ಬಂದಿದ್ದರು. ಕೆಂಪು ಸೀರೆಯಿಂದ ನೀರು ಸೋರುತ್ತಿತ್ತು. ಚೆನ್ನೆಮಣೆಯ ಗುಳಿಗಳಲ್ಲಿ ಬಿದ್ದಿದ್ದ ಕೊಂಡಿಗಳನ್ನು ನೋಡಿ ಅವರು ಮೆಟ್ಟಿಲ ಮೇಲೆಯೇ ನಿಂತರು.

“ಎಂತ ಮಾಡಿದ್ದಿ?”

“ದೊಡ್ಡದಾಗ್ತದೆ ಅತ್ತೆ. ಸದ್ದು ಮಾಡ್ತದೆ. ಅದಕ್ಕೆ ನಾಲ್ಕು ಕೊಂಡಿ...”

“ಕಟ್ಟಿಕೊಳ್ಳಲಿಕ್ಕೆ ಕೊಟ್ಟದ್ದು. ಬಿಚ್ಚಲಿಕ್ಕೆ ಕೊಟ್ಟದ್ದಾ?”

ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ಕೊಡೆ ಮಡಿಸದೆ ಅಲ್ಲಿಯೇ ಬಿಟ್ಟು, ಮಣೆಯ ಆಚೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಗುಳಿಯಿಂದ ಕೊಂಡಿಗಳನ್ನು ಅಂಗೈಗೆ ಹಾಕಿಕೊಂಡರು. ಒಂದಕ್ಕೊಂದು ಒತ್ತಿ ಸೇರಿಸಲು ನೋಡಿದರು. ಸೇರಲಿಲ್ಲ.

“ಅವನ ಕೈ ಇಷ್ಟಿತ್ತು,” ಎಂದರು. “ಊಟ ಆದ ಮೇಲೆ ನಾನು ಪೆಟ್ಟಿಗೆ ತೆಗೆದು ನೋಡ್ತೇನೆ. ಕೊಕ್ಕೆ ಹಾಕಿದ್ರೆ ಉರುಟಾಗಿ ನಿಲ್ತದೆ ಅದು. ಒಳಗೆ ಕೈ ಉಂಟು ಅಂತ ಕಾಣ್ತದೆ. ಬೆಲ್ಟು ಹಾಗೆ ನಿಲ್ತದಾ? ಪಂಚೆ ಹಾಗೆ ನಿಲ್ತದಾ? ಅವನ ಮೈಯ ಅಳತೆ ಅಂತ ನನಗೆ ಉಳಿದದ್ದು ಇದೊಂದೇ. ಅದನ್ನೂ ನೀನು ನಿನ್ನ ಕೈಯಷ್ಟು ಮಾಡಿದಿ.”

ಬಳೆ, ಶಾಸ್ತ್ರ, ಭಟ್ರು ಎಲ್ಲ ನೆವ ಮಾತ್ರ ಎಂದು ನನಗೆ ಆಗ ತಿಳಿಯಿತು. ಎರಡು ವರ್ಷ ಅವರು ನನಗೆ ಚೈನು ಕೊಡದೆ ಇದ್ದದ್ದು ಆ ಉರುಟನ್ನು ಬಿಟ್ಟುಕೊಡಲಾರದೆ. ನಾನು ಶಾಲೆಯಿಂದ ಬರುವ ಮೊದಲು, ಮುಚ್ಚಿದ ಬಾಗಿಲಿನ ಹಿಂದೆ, ದಿನಾ ಅದನ್ನು ಹಿಡಿದುಕೊಂಡು ಕೂರುತ್ತಿದ್ದರು. ಒಂದೇ ಮಾಡಿನ ಅಡಿ ಇದ್ದು ನನಗೆ ಅದು ಗೊತ್ತಿರಲಿಲ್ಲ.

ನಿಜವಾದ ಅಳತೆ, ಆ ಹರಿದ ಬೆಲ್ಟು, ನನ್ನ ಮಡಿಲಲ್ಲಿತ್ತು. ಅತ್ತೇ, ಅದು ಅವರ ಕೈಯಲ್ಲ, ಅಂಗಡಿಯಲ್ಲಿ ತೂಗುಹಾಕಿದ ಅಳತೆ, ಅದರೊಳಗೆ ಯಾರೂ ಇರಲಿಲ್ಲ. ಅವರ ಕೈ ಇಗೋ ಇಲ್ಲಿದೆ, ಇಷ್ಟೇ ಇದೆ ಎಂದು ಹೇಳಬಹುದಿತ್ತು. ಹೇಳಲು ಬಾಯಿ ತೆರೆದದ್ದೂ ಹೌದು. ಆದರೆ ಏನನ್ನು ತೋರಿಸಲಿ? ಅತ್ತೆ ತಾವೇ ಕೋಲಿನ ತುದಿಯಿಂದ ಎಸೆದ ಬೂಸುರು ಹಿಡಿದ ಚರ್ಮವನ್ನೇ? ಅದನ್ನು ಅವರು ಮುಟ್ಟಿಯಾರೇ? ಮುಟ್ಟಿದರೂ ಅದು ಅವರಿಗೆ ಏನು ಹೇಳೀತು? ಮಗ ಗುಂಡುಗುಂಡಾಗಿದ್ದ, ಕೊರತೆ ಇರಲಿಲ್ಲ ಎಂಬ ಮಾತನ್ನು ಹಿಡಿದು ಬದುಕಿದವರು. ನನಗೆ ಸಪೂರದ ಕೈ ಎಂದರೆ ಗಂಡ. ಅವರಿಗೆ ಸಪೂರದ ಕೈ ಎಂದರೆ ಹೊಟ್ಟೆಗೆ ಸರಿಯಾಗಿ ಸಿಗದ ಮಗ. ಬಾಯಿ ಮುಚ್ಚಿಕೊಂಡೆ.

“ಪುನಃ ಸೇರಿಸಿ ಕೊಡ್ತೇನೆ ಅತ್ತೆ,” ಎಂದೆ.

ಸೇರಿಸುವುದು ಬಿಚ್ಚಿದಷ್ಟು ಸುಲಭವಲ್ಲ. ಅತ್ತೆ ಒದ್ದೆ ಸೀರೆಯಲ್ಲಿಯೇ ಎದುರು ಕೂತು ಒಂದೊಂದೇ ಕೊಂಡಿಯನ್ನು ಗುಳಿಯಿಂದ ತೆಗೆದು ನನ್ನ ಬದಿಯ ಗುಳಿಗೆ ಹಾಕಿದರು, ಕೈಗೆ ಕೊಡಲಿಲ್ಲ. ನಾನು ಎತ್ತಿಕೊಂಡು ತೂತಿಗೆ ತೂತು ಹೊಂದಿಸಿ ಕಡ್ಡಿ ತೂರಿಸಿದೆ. ಒಂದು ಕಡ್ಡಿ ಬಾಗಿಹೋಗಿತ್ತು, ಅದರ ಬದಲಿಗೆ ಮುರಿದ ಸೂಜಿಯ ತುಂಡು ಹಾಕಿದೆ. “ಆ ಕೊಂಡಿ ಅಡಿಮೇಲು ಆಯ್ತು ಕಾಣ್ತದೆ,” ಎಂದು ಅತ್ತೆ ಹೇಳಿದರು. ನೋಡಿದರೆ ಹೌದು. ಯಾರಾದರೂ ಅಂಗಳದಿಂದ ಇಣುಕಿದ್ದರೆ ಅತ್ತೆ ಸೊಸೆ ಚೆನ್ನೆ ಆಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಮುಗಿದ ಮೇಲೆ ಕೊಕ್ಕೆ ಹಾಕಿ ಮಣೆಯ ಮೇಲೆ ನಿಲ್ಲಿಸಿದೆ. ಉರುಟಾಗಿ ನಿಂತಿತು. ಅತ್ತೆ ಅದರೊಳಗೆ ಮೂರು ಬೆರಳು ತೂರಿಸಿ ಮೇಲೆತ್ತಿ ನೋಡಿದರು.

“ಹೀಗೇ ಇತ್ತಲ್ಲ ಅವನ ಕೈ? ನಿನಗೂ ನೆನಪುಂಟಲ್ಲ?”

“ಉಂಟು ಅತ್ತೆ. ಹೀಗೇ ಇತ್ತು.”

ಚೈನು ಪೆಟ್ಟಿಗೆಗೆ ಹೋಯಿತು. ಗಡಿಯಾರಕ್ಕೆ ನಾನು ಹಳೆಯ ಕೊಡೆಯ ಕಪ್ಪು ಬಟ್ಟೆಯನ್ನು ಮಡಿಸಿ ಹೊಲಿದು ಪಟ್ಟಿ ಮಾಡಿಕೊಂಡೆ. ಬಟ್ಟೆಗೆ ಬಳೆಯ ದೋಷವೂ ಇಲ್ಲ, ಚರ್ಮದ ಮೈಲಿಗೆಯೂ ಇಲ್ಲ. ಈ ಬುದ್ಧಿ ಮೊದಲೇ ಬರಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಇಲ್ಲಿ ಕೆಟ್ಟದ್ದೇನು ಎಂದು ಹೇಳುವುದು ಕಷ್ಟ.

ಆ ದಿನದಿಂದ ಅತ್ತೆ ಮಗನ ವಿಷಯ ಮಾತಾಡಲು ಸುರುಮಾಡಿದರು. ನನಗೆ ಅವನ ಕೈ ನೆನಪುಂಟು ಎಂದ ಮೇಲೆ ನಾನೂ ಅವರ ಬಳಗ. ಸಂಜೆ ಬತ್ತಿ ಹೊಸೆಯುತ್ತಾ ಹೇಳುವರು: ಎರಡು ಕೊಡಪಾನ ನೀರನ್ನು ಒಂದೇ ಸಲಕ್ಕೆ ಎತ್ತುತ್ತಿದ್ದ, ತೆಂಗಿನಕಾಯಿಯನ್ನು ಕೈಯಲ್ಲೇ ಸುಲಿಯುತ್ತಿದ್ದ, ಅಂಥ ರಟ್ಟೆ. ದಿನ ಕಳೆದ ಹಾಗೆ ಮಗ ಬೆಳೆಯುತ್ತಾ ಹೋದ. ನಾನು ‘ಹೌದು ಅತ್ತೆ’ ಎನ್ನುತ್ತಿದ್ದೆ. ನನ್ನ ಮನಸ್ಸಿನಲ್ಲಿ ಬೇರೊಬ್ಬರು ಇದ್ದರು, ಸಪೂರದ ಕೈಯವರು. ಮೊದಲು ಮೌನದಲ್ಲಿ ಒಬ್ಬೊಬ್ಬರಾಗಿದ್ದೆವು, ಈಗ ಮಾತಿನಲ್ಲಿ ಒಬ್ಬೊಬ್ಬರಾದೆವು. ಮೌನದ ಒಂಟಿತನವೇ ವಾಸಿ ಎಂದು ಕೆಲವು ಸಂಜೆ ನನಗೆ ಅನ್ನಿಸಿದ್ದುಂಟು.

ಅದೇ ಮಳೆಗಾಲದ ಕೊನೆಗೆ ಅತ್ತೆಗೆ ಜ್ವರ ಬಂತು. ನಾಲ್ಕು ದಿನ ಏಳಲಿಲ್ಲ. ಮಡಿ ಎಂದು ಹೇಳುವ ಶಕ್ತಿಯೂ ಇರಲಿಲ್ಲ, ನಾನು ಗಂಜಿ ಕುಡಿಸಿದೆ, ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಐದನೆಯ ದಿನ ಬೆಳಿಗ್ಗೆ ಬಟ್ಟೆ ಬದಲಾಯಿಸಲು ಬಾಗಿದಾಗ ಅವರು ಕಣ್ಣು ಮುಚ್ಚಿಕೊಂಡೇ ನನ್ನ ಮಣಿಕಟ್ಟನ್ನು ಹಿಡಿದರು. ಗಡಿಯಾರವನ್ನು ಇನ್ನೂ ಕಟ್ಟಿರಲಿಲ್ಲ. ಸುಡುವ ಬೆರಳುಗಳು ಮಣಿಕಟ್ಟಿನ ಸುತ್ತ ಬಂದು, ಹೆಬ್ಬೆರಳು ತೋರುಬೆರಳಿನ ಮೇಲೆ ಹತ್ತಿ ಕೂತಿತು. ಅವರು ಬೆರಳು ಸಡಿಲಿಸಿ ಮತ್ತೊಮ್ಮೆ ಹಿಡಿದು ನೋಡಿದರು. ಮತ್ತೊಮ್ಮೆ.

“ಎಂತ ಮಗಾ,” ಎಂದರು. “ಇಷ್ಟು ಸಪೂರ ಆಗಿದ್ದಿಯಲ್ಲ. ಅಲ್ಲಿ ಊಟ ಸಿಗುದಿಲ್ವಾ ನಿನಗೆ?”

ಅಷ್ಟು ದಿನ ನಾನು ಯಾವುದನ್ನು ಮುಚ್ಚಿಟ್ಟಿದ್ದೆನೋ ಅದನ್ನು ಅವರ ಬೆರಳುಗಳೇ ನನ್ನ ಕೈಯಿಂದ ತೆಗೆದುಕೊಂಡಿದ್ದವು. ಉತ್ತರಕ್ಕೆ ಕಾಯುತ್ತಿದ್ದರು. ಹಿಡಿತ ಬಿಗಿಯಾಯಿತು.

“ಸಿಗ್ತದೆ ಅಮ್ಮ,” ಎಂದೆ. “ಹೊಟ್ಟೆ ತುಂಬ ಸಿಗ್ತದೆ.”

“ಸುಳ್ಳು ಹೇಳ್ಬೇಡ. ಕೈ ಕಾಣ್ತದಲ್ಲ.”

“ಇಲ್ಲಮ್ಮ. ಇನ್ನು ಇಲ್ಲಿಯೇ ಇರ್ತೇನೆ.”

ಅವರ ಮುಖ ಸಡಿಲವಾಯಿತು. ಕೈ ಬಿಡದೆ ನಿದ್ದೆ ಹೋದರು. ಶಾಲೆಯ ಹಿಂದಿನಿಂದ ಬೆಳಗ್ಗಿನ ಗಾಡಿ ಹೋಯಿತು. ನಾನು ಏಳಲಿಲ್ಲ. ಮಕ್ಕಳು ಅಂಗಳದಲ್ಲಿ ಕೂಗುವುದು ಇಲ್ಲಿಗೆ ಕೇಳುತ್ತಿತ್ತು. ಬಾಗಿ ಕೂತು ಬೆನ್ನು ಸೆಟೆದುಹೋಯಿತು, ಆದರೂ ಏಳಲಿಲ್ಲ. ನನ್ನನ್ನು ಹಾಗೆ ಯಾರೂ ಹಿಡಿದಿರಲಿಲ್ಲ. ಹಿಡಿದದ್ದು ನನ್ನನ್ನಲ್ಲ ಎಂಬುದೂ ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅವರಿಗೆ ಬೆವರಿ ಜ್ವರ ಇಳಿಯಿತು. ಕಣ್ಣು ತೆರೆದು ನನ್ನನ್ನು ನೋಡಿದರು, ತಾವು ಹಿಡಿದ ಕೈಯನ್ನು ನೋಡಿದರು, ಬಿಟ್ಟರು.

“ಶಾಲೆ ಇಲ್ವಾ ಇವತ್ತು?”

“ಉಂಟು.”

“ಮತ್ತೆಂತ ಕೂತದ್ದು? ಹೋಗು.”

ಹೋದೆ.